ಕಾಚಂಪುಳಿ ಬಿಳಿ ತಟ್ಟೆಗೆ ಬರುವ ದಾರಿ

ಬೆಂಗಳೂರಿನ ದುಬಾರಿ ಹೋಟೆಲ್‌ಗಳ ಮೆನು ಕಾರ್ಡಿನಲ್ಲಿ ಇತ್ತೀಚೆಗೆ ಹೊಸ ಹೆಸರುಗಳು ಕಾಣಿಸುತ್ತಿವೆ. ಹೊಸದು ಅಂದರೆ ಆ ಕಾರ್ಡಿಗೆ ಹೊಸದು, ನಮಗಲ್ಲ. ಕೊಡಗಿನ ಕಪ್ಪು ಹುಳಿ ಕಾಚಂಪುಳಿ, ಉಪ್ಪಿನಕಾಯಿಯ ಅಪ್ಪೆಮಿಡಿ, ಉಡುಪಿಯ ಬದನೆ ಮಟ್ಟುಗುಳ್ಳ, ಎಳೆ ಬಿದಿರು ಕಣಿಲೆ, ಬ್ಯಾಡಗಿ ಮೆಣಸಿನಕಾಯಿ. ದೊಡ್ಡ ಬಿಳಿ ತಟ್ಟೆಯ ನಡುವೆ ಮೂರು ತುತ್ತು, ಪಕ್ಕದಲ್ಲಿ ಒಂದು ಚುಕ್ಕೆ ಚಟ್ನಿ, ಮೇಲೊಂದು ಎಲೆ. ಬಿಲ್ಲು ಬಂದಾಗ ಎದೆ ಧಸಕ್ ಅನ್ನುತ್ತದೆ. ಊರ ಕಡೆಯವರ ಬಾಯಿಂದ ಮೊದಲು ಬರುವ ಮಾತು ಒಂದೇ: "ನಮ್ಮ ಹಿತ್ತಲಲ್ಲಿ ಬಿದ್ದು ಕೊಳೆಯೋದಕ್ಕೆ ಇಷ್ಟು ದುಡ್ಡಾ?"

ಕೇಳಬೇಕಾದ ಪ್ರಶ್ನೆಯೇ. ಉತ್ತರ ಬೇಕಾದರೆ ಇಂಥ ಹೋಟೆಲ್ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ನೋಡಬೇಕು. ಮೊದಲೇ ಹೇಳಿಬಿಡುತ್ತೇನೆ, ಆ ಬಿಲ್ಲಿನಲ್ಲಿ ಪದಾರ್ಥದ ಪಾಲು ಚಿಕ್ಕದು. ವರ್ಷಕ್ಕೆ ಕೆಲವೇ ವಾರ ಸಿಗುವ, ಒಂದು ಮರದ್ದು ಇನ್ನೊಂದು ಮರದ ಹಾಗಿರದ, ದೊಡ್ಡ ಮಾರ್ಕೆಟ್ಟಿಗೆ ಸರಿಯಾಗಿ ಬಾರದ ವಸ್ತುವನ್ನು ಯಾವುದೋ ಗುರುವಾರ ರಾತ್ರಿ ಎಂಟೂವರೆಗೆ, ಹಿಂದಿನ ದಿನದ್ದೇ ರುಚಿಯಲ್ಲಿ, ನಿಮ್ಮ ಮುಂದೆ ತಂದಿಡುವ ಕೆಲಸ ಇದೆಯಲ್ಲ, ಜಾಸ್ತಿ ದುಡ್ಡು ಹೋಗೋದು ಅದಕ್ಕೆ. ಆ ಕೆಲಸವನ್ನು ನಿಜವಾಗಿ ಮಾಡುವವರೂ ಇದ್ದಾರೆ. ಹೆಸರು ಮಾತ್ರ ಬರೆದು ಬಿಲ್ಲು ಹಾಕುವವರೂ ಇದ್ದಾರೆ.

ಇಂಥ ಹೋಟೆಲ್ ಊಟಕ್ಕೆ ಫೈನ್ ಡೈನಿಂಗ್ ಅನ್ನುತ್ತಾರೆ. ಅದಕ್ಕೆ ಕಾನೂನಿನ ವ್ಯಾಖ್ಯಾನ ಏನೂ ಇಲ್ಲ. ಕೂರುವ ಜಾಗ ಕಡಿಮೆ. ಒಂದು ರಾತ್ರಿಗೆ ಒಂದು ಟೇಬಲ್ಲು ಒಂದೇ ಗುಂಪಿಗೆ. ಅಡುಗೆಮನೆಯಲ್ಲಿ ಮಾತ್ರ ಜನ ಜಾಸ್ತಿ. ಬಡಿಸುವವರಿಗೆ ತಟ್ಟೆಯಲ್ಲಿರುವ ಪ್ರತಿಯೊಂದೂ ಎಲ್ಲಿಂದ ಬಂತು ಅಂತ ಗೊತ್ತಿರಬೇಕು. ಊಟ ಎರಡು ಥರ ಇರುತ್ತದೆ. ಕಾರ್ಡ್ ನೋಡಿ ಬೇಕಾದ್ದನ್ನು ಹೇಳಿ ತರಿಸಿಕೊಳ್ಳೋದು ಒಂದು. ಇನ್ನೊಂದು ಟೇಸ್ಟಿಂಗ್ ಮೆನು, ಅಂದರೆ ಶೆಫ್ ಮೊದಲೇ ಗೊತ್ತುಮಾಡಿದ ಹತ್ತು ಹನ್ನೆರಡು ಬಗೆ, ಒಂದರ ಹಿಂದೆ ಒಂದು, ಎರಡೂವರೆ ಮೂರು ಗಂಟೆಯ ಉದ್ದಕ್ಕೂ. ಒಂದೊಂದು ಬಗೆಗೂ ಕೋರ್ಸ್ ಅನ್ನುತ್ತಾರೆ. ತುತ್ತು ಸಣ್ಣದು ಅಂತ ನಗುವವರು ಒಂದು ಯೋಚಿಸಬೇಕು. ಮದುವೆ ಮನೆಯ ಎಲೆಯ ಮೇಲೆ ಬಂದದ್ದನ್ನೆಲ್ಲ ಒಂದೊಂದಾಗಿ ಬೇರೆ ಬೇರೆ ತಟ್ಟೆಯಲ್ಲಿಟ್ಟರೆ ಪಲ್ಯ, ಕೋಸಂಬರಿ, ಗೊಜ್ಜು ಎಲ್ಲ ಇಷ್ಟಿಷ್ಟೇ ಕಾಣುತ್ತವೆ. ತಟ್ಟೆ ಅಷ್ಟು ದೊಡ್ಡದು ಯಾಕೆ ಅಂದರೆ, ಅದು ಬರೀ ಶೋಕಿ. ಅದನ್ನು ಸಮರ್ಥಿಸಲು ನಾನಂತೂ ಹೋಗುವುದಿಲ್ಲ.

ಮೊದಲೆಲ್ಲ ದುಬಾರಿ ಊಟ ಅಂದರೆ ಯಾವ ದೇಶದಲ್ಲಾದರೂ ಹೆಚ್ಚುಕಡಿಮೆ ಒಂದೇ ಸಾಮಾನು. ಫ್ರಾನ್ಸಿನ ಚೀಸ್, ಇಟಲಿಯ ಆಲಿವ್ ಎಣ್ಣೆ, ನಾರ್ವೆಯ ಸಾಲ್ಮನ್. ದೂರದಿಂದ ಬಂದಷ್ಟೂ ಬೆಲೆ. ಇದು ತಿರುಗಿದ ಕಥೆ ಹೇಳುವಾಗ ಎಲ್ಲರೂ ಡೆನ್ಮಾರ್ಕಿನ ನೋಮಾದಿಂದ ಶುರು ಮಾಡುತ್ತಾರೆ. ಕೋಪನ್‌ಹೇಗನ್‌ನಲ್ಲಿ 2003ರಲ್ಲಿ ರೆನೆ ರೆಡ್ಜೆಪಿ ಮತ್ತು ಕ್ಲಾಸ್ ಮೇಯರ್ ತೆರೆದ ಹೋಟೆಲ್ ಅದು. ಮರುವರ್ಷ ಆ ಭಾಗದ ಹನ್ನೆರಡು ಶೆಫ್‌ಗಳು ಸೇರಿ, ನಮ್ಮ ನೆಲದ್ದು, ನಮ್ಮ ಕಾಲದ್ದು ಬಳಸುತ್ತೇವೆ ಅಂತ ಒಂದು ಪ್ರಣಾಳಿಕೆಗೆ ಸಹಿ ಹಾಕಿದರು. ನಿಂಬೆಹಣ್ಣು ಅಲ್ಲಿನ ಚಳಿಗೆ ಬೆಳೆಯುವುದಿಲ್ಲ. ಹುಳಿ ಬೇಕಲ್ಲ? ನೋಮಾದವರು ಇರುವೆ ಬಡಿಸಿದರು. ಜಗತ್ತು ಹುಬ್ಬೇರಿಸಿತು. ಉತ್ತರ ಕನ್ನಡದ ಕಾಡಂಚಿನ ಊರುಗಳಲ್ಲಿ ಚಿಗಳಿ ಚಟ್ನಿ, ಅಂದರೆ ಕೆಂಪಿರುವೆಯ ಚಟ್ನಿ, ತಿಂದು ಬೆಳೆದವರು ಹುಬ್ಬೇರಿಸಲಿಕ್ಕಿಲ್ಲ. 2010ರಿಂದ 2021ರ ನಡುವೆ ಐದು ಸಲ ನೋಮಾಕ್ಕೆ ಜಗತ್ತಿನ ಅತ್ಯುತ್ತಮ ರೆಸ್ಟೋರೆಂಟ್ ಅಂತ ಹೆಸರು ಬಂತು.

ಪೆರು ದೇಶದ ಲಿಮಾದಲ್ಲಿರುವ ಸೆಂಟ್ರಲ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಮೆನು ಬರೆಯುವುದೇ ಎತ್ತರದ ಲೆಕ್ಕದಲ್ಲಿ. ಒಂದು ತಟ್ಟೆ ಸಮುದ್ರದ ಒಳಗಿನದು, ಒಂದು ಕಾಡಿನದು, ಮತ್ತೊಂದು ಆಂಡಿಸ್ ಪರ್ವತದಲ್ಲಿ ನಾಲ್ಕು ಸಾವಿರ ಮೀಟರ್ ಮೇಲಿನದು. ಆಯಾ ಎತ್ತರದಲ್ಲಿ ಬೆಳೆಯುವುದಷ್ಟೇ ಆ ತಟ್ಟೆಗೆ. 2023ರಲ್ಲಿ ಅದಕ್ಕೂ ಜಗತ್ತಿನ ಮೊದಲ ಸ್ಥಾನ ಸಿಕ್ಕಿತು. ಇದನ್ನು ಓದಿದಾಗ ನಮ್ಮ ನಕ್ಷೆ ನೆನಪಾಗದೆ ಇರುವುದಿಲ್ಲ. ಉಡುಪಿಯ ಕಡಲಿಂದ 1,900 ಮೀಟರ್‌ಗೂ ಎತ್ತರದ ಮುಳ್ಳಯ್ಯನಗಿರಿಗೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರ್ ಆಸುಪಾಸು. ಅಷ್ಟರಲ್ಲಿ ಉಪ್ಪುನೀರು, ಗದ್ದೆ, ಅಡಿಕೆ ತೋಟ, ಮಳೆಕಾಡು, ಕಾಫಿ, ಹುಲ್ಲುಗಾವಲು ಎಲ್ಲ ಬಂದುಹೋಗುತ್ತವೆ.

ಆದರೆ ನೋಮಾದಿಂದಲೇ ಇದೆಲ್ಲ ಹುಟ್ಟಿತು ಅನ್ನೋದು ಪೂರ್ತಿ ಸರಿಯಲ್ಲ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯ ತಾಜ್ ಸಮೂಹದ ಹೋಟೆಲಿನಲ್ಲಿ ಕರಾವಳಿ ಎಂಬ ರೆಸ್ಟೋರೆಂಟ್ ಶುರುವಾದದ್ದು 1990ರಲ್ಲಿ. ನೋಮಾಕ್ಕಿಂತ 13 ವರ್ಷ ಮೊದಲು. ದೊಡ್ಡ ಹೋಟೆಲ್ ಅಂದರೆ ಕಾಂಟಿನೆಂಟಲ್, ಚೈನೀಸ್, ಇಲ್ಲದಿದ್ದರೆ ಪಂಜಾಬಿ ಅಂತಿದ್ದ ಕಾಲ. ಆಗ ಅವರು ಗೋವಾದಿಂದ ಕೇರಳದವರೆಗಿನ ಕರಾವಳಿಯ ಮನೆ ಅಡುಗೆಯನ್ನು ಹಿಡಿದು ಹೊರಟರು. ಬಂಟರ ಮನೆ, ಕೊಂಕಣಿಗರ ಮನೆ, ಕೇರಳದ ಸಿರಿಯನ್ ಕ್ರೈಸ್ತರ ಮನೆ, ಕೊಡವರ ಮನೆ. ಹೋಟೆಲಿನ ಅಡುಗೆಯವರು ಮನೆಯ ಹೆಂಗಸರಿಂದ ಕಲಿತರು. ಅಲ್ಲಿ ದಶಕಗಳಿಂದ ಶೆಫ್ ಆಗಿರುವ ನರೇನ್ ತಿಮ್ಮಯ್ಯ ಸ್ವತಃ ಕೊಡಗಿನವರು. ನನ್ನ ಪ್ರಕಾರ ಇವತ್ತು ಕಾಚಂಪುಳಿ ಅಂದರೆ ಬೆಂಗಳೂರಿಗರು ಏನದು ಅಂತ ಕೇಳದೆ ಇರೋದಕ್ಕೆ ಈ ಹೋಟೆಲ್ ಒಂದು ದೊಡ್ಡ ಕಾರಣ.

ಇನ್ನೊಂದು ಮಾದರಿ ಫಾರ್ಮ್‌ಲೋರ್. ಬೆಂಗಳೂರಿನ ಹೊರವಲಯದಲ್ಲಿ, ಬಾಗಲೂರಿನ ಕಡೆ, 37 ಎಕರೆ ತೋಟದ ನಡುವೆ ಇದೆ. ಶೆಫ್ ಜಾನ್ಸನ್ ಎಬೆನೆಜರ್. ಶುರುವಾದಾಗ ಕೂರಲು ಜಾಗ ಇದ್ದದ್ದು 18 ಜನಕ್ಕೆ. ಅಡುಗೆ ಸೌದೆ ಒಲೆಯಲ್ಲಿ. ಕಾರ್ಡ್ ಇಲ್ಲ, ಅವರು ಕೊಟ್ಟದ್ದು ನಾವು ತಿನ್ನಬೇಕು. ಕರಾವಳಿ ಹೋಟೆಲಿನದ್ದು ಮನೆಯ ರುಚಿಯನ್ನು ಹಾಗೇ ಉಳಿಸುವ ಹಟ. ಇವರದ್ದು ಪದಾರ್ಥ ನಮ್ಮದು, ಅಡುಗೆ ಹೊಸದು ಅನ್ನುವ ಹಟ. ಎರಡಕ್ಕೂ ತಲೆನೋವು ಮಾತ್ರ ಒಂದೇ, ಸಾಮಾನು.

ಕಾಚಂಪುಳಿಯನ್ನೇ ನೋಡೋಣ. ಕೊಡಗಿನಲ್ಲಿ ಪಣಪುಳಿ, ಮಲೆನಾಡಿನಲ್ಲಿ ಉಪ್ಪಾಗೆ ಅನ್ನುವ ಮರದ ಹಣ್ಣಿನ ರಸ ಅದು. ಪುನರ್ಪುಳಿಯ, ಅಂದರೆ ಮುರುಗಲಿನ, ದಾಯಾದಿ. ಆದರೆ ಅದೇ ಅಲ್ಲ. ಹಣ್ಣಾಗೋದು ಮಳೆಗಾಲದಲ್ಲಿ. ಜಿಗಣೆ ಕಿತ್ತುಕೊಳ್ಳುತ್ತ ಮರದ ಬುಡದಲ್ಲಿ ಹಣ್ಣು ಹೆಕ್ಕಬೇಕು. ಹೆಕ್ಕಿದ್ದನ್ನು ಬುಟ್ಟಿಯಲ್ಲಿ ತುಂಬಿ ಕೆಳಗೆ ಪಾತ್ರೆ ಇಡುತ್ತಾರೆ. ಹಣ್ಣು ಮೆತ್ತಗಾಗಿ ರಸ ತೊಟ್ಟಿಕ್ಕುತ್ತಾ ಹೋಗುತ್ತದೆ, ಒಂದು ದಿನದ ಕೆಲಸವಲ್ಲ. ಕೂಡಿದ ರಸವನ್ನು ಸಣ್ಣ ಉರಿಯಲ್ಲಿ ಕಡುಕಪ್ಪಾಗಿ ಮಂದವಾಗುವ ತನಕ ಕಾಯಿಸಬೇಕು. ಬುಟ್ಟಿಗಟ್ಟಲೆ ಹಣ್ಣಿಗೆ ಬರೋದು ಸಣ್ಣ ಬಾಟಲಿ. ಅದರ ಹುಳಿ ಎಷ್ಟು ಜೋರು ಅಂದರೆ ಒಂದು ಕೆಜಿ ಹಂದಿಮಾಂಸಕ್ಕೆ ಒಂದೆರಡು ಚಮಚ ಸಾಕು. ಸರಿಯಾಗಿ ಕಾಯಿಸಿದ್ದು ವರ್ಷಗಟ್ಟಲೆ ಕೆಡುವುದಿಲ್ಲ.

ಮನೆಯಲ್ಲಿ ಮಾಡುವವರಿಗೆ ಇದರಲ್ಲಿ ತಲೆಬಿಸಿ ಏನಿಲ್ಲ. ಈ ಸಲದ್ದು ಸ್ವಲ್ಪ ಜೋರಾಗಿದೆ ಅಂತ ಅರ್ಧ ಚಮಚ ಕಮ್ಮಿ ಹಾಕುತ್ತಾರೆ, ಮುಗಿಯಿತು. ಹೋಟೆಲಿನ ಕಷ್ಟ ಬೇರೆ. ಹತ್ತು ಮನೆಯಿಂದ ಹತ್ತು ಬಾಟಲಿ ಬರುತ್ತದೆ, ಹತ್ತೂ ಬೇರೆ ಬೇರೆ. ಒಬ್ಬರು ಜಾಸ್ತಿ ಕಾಯಿಸಿ ಸೀದಲು ವಾಸನೆ ಬಂದಿರುತ್ತದೆ, ಇನ್ನೊಬ್ಬರದ್ದು ತೆಳ್ಳಗೆ. ಮತ್ತೊಂದಕ್ಕೆ ಏನೋ ಬೆರಕೆ ಆಗಿರಬಹುದು. ಹಾಗಾಗಿ ಪ್ರತಿ ಬಾಟಲಿ ನೆಕ್ಕಿ ನೋಡಿ, ಒಂದಕ್ಕೊಂದು ಬೆರೆಸಿ, ಬೇಕಾದರೆ ಪಿಎಚ್ ಮೀಟರ್ ಇಟ್ಟು ಹುಳಿ ಅಳೆದು, ವರ್ಷಕ್ಕೆ ಸಾಕಾಗುವಷ್ಟನ್ನು ಒಂದೇ ಹದಕ್ಕೆ ತಂದಿಟ್ಟುಕೊಳ್ಳಬೇಕು. ವರ್ಷದ ಮಾಲಿಗೆ ದುಡ್ಡನ್ನು ಮಳೆಗಾಲದಲ್ಲೇ ಕೊಡಬೇಕು. ದೊಡ್ಡ ಹೋಟೆಲ್‌ಗಳ ಲೆಕ್ಕದ ವಿಭಾಗ ಬಿಲ್ಲು ಕೊಟ್ಟು ತಿಂಗಳೋ ಒಂದೂವರೆ ತಿಂಗಳೋ ಆದಮೇಲೆ ದುಡ್ಡು ಕೊಡೋದು ರೂಢಿ. ಎರಡು ಬಾಟಲಿ ಮಾರುವ ಮನೆಯಾಕೆ ಅಷ್ಟು ದಿನ ಕಾಯುತ್ತಾರಾ? ಅವರ ಹತ್ತಿರ ಜಿಎಸ್‌ಟಿ ಬಿಲ್ಲೂ ಇರುವುದಿಲ್ಲ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಇರುವುದಿಲ್ಲ. ಹೀಗಾಗಿ ನಡುವೆ ಒಬ್ಬ ಸಂಗ್ರಹ ಮಾಡುವವನು ಹುಟ್ಟಿಕೊಳ್ಳುತ್ತಾನೆ, ಅವನ ಪಾಲೂ ಬೆಲೆಗೆ ಸೇರುತ್ತದೆ. ಪ್ರಾದೇಶಿಕ ಪದಾರ್ಥದ ಹೋಟೆಲ್ ನಡೆಸೋದು ಅಂದರೆ ಅರ್ಧ ಅಡುಗೆ, ಅರ್ಧ ಈ ವ್ಯವಹಾರ.

ಅಪ್ಪೆಮಿಡಿಯ ಕಥೆ ಇನ್ನೂ ನಾಜೂಕು. ಮಲೆನಾಡಿನ ಹೊಳೆ ದಂಡೆಯ ಕಾಡುಮಾವು. ಒಳಗೆ ಗೊರಟು ಗಟ್ಟಿಯಾಗುವ ಮೊದಲೇ, ತೊಟ್ಟು ಉಳಿಸಿಕೊಂಡು ಕೊಯ್ಯಬೇಕು. ತೊಟ್ಟು ಮುರಿದರೆ ಸೊನೆ ಹೋಗುತ್ತದೆ, ಸೊನೆ ಹೋದರೆ ಪರಿಮಳ ಹೋಯಿತು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಕೊಳೆತು ಉಳಿದದ್ದನ್ನೂ ಕೆಡಿಸುತ್ತದೆ. ಹಾಗಾಗಿ ಮರ ಹತ್ತುವವರೇ ಬೇಕು, ಅಂಥವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಒಂದೊಂದು ಮರಕ್ಕೂ ಒಂದೊಂದು ವಾಸನೆ. ಜೀರಿಗೆ ವಾಸನೆಯದ್ದು, ಕರ್ಪೂರದ ವಾಸನೆಯದ್ದು. ಅನಂತ ಭಟ್ಟನ ಅಪ್ಪೆ ಅಂತ ಒಂದು ತಳಿಗೆ ಹೆಸರೇ ಇದೆ, ಮಿಡಿಗೆ ಮನುಷ್ಯರ ಹೆಸರು ಬರುವಷ್ಟು ನಂಟು. ಇದನ್ನು ನೇರ ಉಪ್ಪಿನಕಾಯಿಯಾಗಿ ತಟ್ಟೆಗೆ ಇಟ್ಟರೆ ಗಿರಾಕಿ ಮನೆಯದ್ದೇ ಚೆನ್ನಾಗಿತ್ತು ಅಂದುಕೊಂಡು ಹೋಗುತ್ತಾನೆ. ಜಾಣ ಶೆಫ್ ಆದರೆ ಅಪ್ಪೆಹುಳಿಯ ಕಡೆ ನೋಡುತ್ತಾನೆ. ಬೇಯಿಸಿದ ಮಿಡಿಯನ್ನು ಕಿವುಚಿ, ನೀರು ಮಾಡಿ, ಇಂಗು ಸಾಸಿವೆಯ ಒಗ್ಗರಣೆ ಕೊಟ್ಟು, ಊಟದ ಕೊನೆಗೆ ಕುಡಿಯುವಂಥದ್ದು. ಎರಡು ಕೋರ್ಸ್‌ಗಳ ನಡುವೆ ಬಾಯಿ ಶುಚಿ ಮಾಡಲು ಯುರೋಪಿನವರು ಸಾರ್ಬೆ ಅನ್ನುವ ಹಣ್ಣಿನ ರಸದ ಐಸ್ ಕೊಡುತ್ತಾರಲ್ಲ, ಆ ಜಾಗಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಶಿರಸಿ ಕಡೆಯವರು ಒಂದು ಎಚ್ಚರಿಕೆಯನ್ನೂ ಕೊಡುತ್ತಾರೆ, ಕುಡಿದರೆ ನಿದ್ದೆ ಬರುತ್ತದೆ ಅಂತ. ಇನ್ನೂ ಐದು ಕೋರ್ಸ್ ಬಾಕಿ ಇದ್ದರೆ ಕಷ್ಟ.

ಕಾಲದ ವಿಷಯಕ್ಕೆ ಬಂದರೆ ಕೊಡಗಿನ ಮದ್ದು ಸೊಪ್ಪಿನಷ್ಟು ಕಟ್ಟುನಿಟ್ಟು ಬೇರೆ ಯಾವುದೂ ಇಲ್ಲ. ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಆ ಸೊಪ್ಪಿಗೆ 18 ಬಗೆಯ ಔಷಧ ಗುಣ ಬರುತ್ತದೆ ಅನ್ನೋದು ನಂಬಿಕೆ. ಅವತ್ತು ಕುದಿಸಿದ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದರಲ್ಲಿ ಪಾಯಸ ಮಾಡುತ್ತಾರೆ. ಆ ಬಣ್ಣ ನೋಡಿದ ಯಾವ ಶೆಫ್‌ಗೂ ಆಸೆ ಆಗದೆ ಇರದು. ಬಡಿಸುವಾಗ ಮಾತ್ರ ಒಂದು ಮಾತು ಹೇಳಲೇಬೇಕು. ಆಮೇಲೆ ಮೂತ್ರ ಕೆಂಪಗೆ ಹೋಗುತ್ತದೆ, ಗಾಬರಿ ಬೇಡ ಅಂತ. ಹೇಳದಿದ್ದರೆ ಬೆಳಗ್ಗೆ ಡಾಕ್ಟರಿಗೆ ಫೋನ್ ಹೋಗುತ್ತದೆ.

ಮೀನಿನದ್ದೂ ಹೀಗೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಕಡಲೂ ಒರಟು. ನಾಡದೋಣಿಯವರು ಹಿಡಿದದ್ದಷ್ಟೇ ಸಿಗುತ್ತದೆ. ಕರಾವಳಿಯ ಮನೆಗಳಿಗೆ ಇದು ಹೊಸದೇನಲ್ಲ, ತುಳುನಾಡಿನ ಮಳೆಗಾಲದ ಆಟಿ ತಿಂಗಳಿಗೆ ಅಂತಲೇ ಒಂದು ಅಡುಗೆ ಇದೆ. ಒಣಮೀನು, ಕಣಿಲೆ, ಪತ್ರೊಡೆ, ತಜಂಕ್ ಸೊಪ್ಪು, ಬೇಸಿಗೆಯಲ್ಲೇ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ಮೊದಲ ಮಳೆಗೆ ಕಲ್ಲಣಬೆ ಸಿಕ್ಕರೆ ಹಬ್ಬ. ಹೊಸ ಹೋಟೆಲ್‌ಗಳು ಋತುಮಾನದ ಮೆನು ಅಂತ ದೊಡ್ಡದಾಗಿ ಹೇಳಿಕೊಳ್ಳುವುದು ಕರಾವಳಿಯಲ್ಲಿ ಯಾರೂ ಹೇಳಿಕೊಳ್ಳದೆ ನಡೆಸಿಕೊಂಡು ಬಂದದ್ದು.

ಇಲ್ಲೊಂದು ಪರೀಕ್ಷೆಯೂ ಇದೆ. ಜೂನ್ ಕೊನೆಗೆ ಅಂಥ ಹೋಟೆಲಿಗೆ ಹೋಗಿ, ಮಂಗಳೂರಿನ ತಾಜಾ ಅಂಜಲ್ ಮೀನು ಇದೆಯಾ ಕೇಳಿ. ಇದೆ ಅಂದರೆ ಅನುಮಾನ ಪಡಿ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಆಮೇಲೆ ಆ ಕಡೆಯಿಂದ ಮೀನು ಬರುತ್ತದೆ. ಅದು ತಪ್ಪೇನಲ್ಲ, ಮಂಗಳೂರಿನದು ಅನ್ನೋದು ತಪ್ಪು. "ಈಗ ಇಲ್ಲ, ಆಗಸ್ಟಿನಲ್ಲಿ ಬನ್ನಿ" ಅನ್ನುವ ಹೋಟೆಲ್ಲನ್ನು ನಾನಾದರೆ ಹೆಚ್ಚು ನಂಬುತ್ತೇನೆ.

ಜಿಐ, ಅಂದರೆ ಭೌಗೋಳಿಕ ಗುರುತಿನ, ಟ್ಯಾಗ್ ಬಗ್ಗೆಯೂ ಒಂದು ಗೊಂದಲ ಇದೆ. ಮೆನುವಿನಲ್ಲಿ ಜಿಐ ಅಂತ ಬರೆದಿದ್ದರೆ ಗುಣಮಟ್ಟದ ಗ್ಯಾರಂಟಿ ಅಂದುಕೊಳ್ಳುತ್ತೇವೆ. ಅದು ಮುಖ್ಯವಾಗಿ ಹೆಸರಿನ ಹಕ್ಕು. ಇಂಥ ಪ್ರದೇಶದಲ್ಲಿ ಬೆಳೆದದ್ದಕ್ಕೆ ಮಾತ್ರ ಈ ಹೆಸರು ಅಂತ. ಬ್ಯಾಡಗಿ ಮೆಣಸಿನಕಾಯಿಗೂ ಉಡುಪಿಯ ಮಟ್ಟುಗುಳ್ಳಕ್ಕೂ 2011ರಲ್ಲಿ ಬಂತು, ಅಂಕೋಲೆಯ ಕರಿ ಇಶಾಡು ಮಾವಿಗೆ, ಇಂಡಿ ನಿಂಬೆಗೆ 2023ರಲ್ಲಿ. ಇದರಲ್ಲಿ ಒಳ್ಳೆಯದನ್ನು ಆರಿಸುವ ಕೆಲಸ ಕೊಳ್ಳುವವನದ್ದೇ. ಬ್ಯಾಡಗಿಯಲ್ಲೇ ಡಬ್ಬಿ, ಕಡ್ಡಿ ಅಂತ ಎರಡು. ಡಬ್ಬಿ ಗಿಡ್ಡ, ದುಂಡಗೆ, ಬಣ್ಣ ಗಾಢ. ಕಡ್ಡಿ ಉದ್ದ, ತೆಳ್ಳಗೆ. ಆ ಬಣ್ಣಕ್ಕಾಗಿ ಲಿಪ್‌ಸ್ಟಿಕ್, ಉಗುರುಬಣ್ಣಕ್ಕೆ ಹೋಗುವ ಓಲಿಯೊರೆಸಿನ್ ಎಂಬ ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳೂ ಬ್ಯಾಡಗಿ ಮಾರುಕಟ್ಟೆಯಲ್ಲಿ ಇದನ್ನೇ ಕೊಳ್ಳುತ್ತವೆ. ಹಂಗಾಮಿನಲ್ಲಿ ಹೋಟೆಲಿನವರು ಪೈಪೋಟಿ ಮಾಡಬೇಕಾದದ್ದು ಇನ್ನೊಂದು ಹೋಟೆಲಿನ ಜೊತೆಗಲ್ಲ.

ಈಗ ಅಡುಗೆಮನೆಗೆ ಬರೋಣ. ನನಗೆ ಅತ್ಯಂತ ಕುತೂಹಲ ಹುಟ್ಟಿಸುವ ಕಷ್ಟ ಇರೋದು ಇಲ್ಲಿ. ನಮ್ಮ ಊಟ ಕಲಸಿ ತಿನ್ನುವ ಊಟ. ಸಾರಿಗೆ ಉಪ್ಪು ಹುಳಿ ಖಾರ ಹಾಕೋದೇ ಅನ್ನದ ಲೆಕ್ಕದಲ್ಲಿ. ಎಷ್ಟೋ ಮನೆಗಳಲ್ಲಿ ಮುದ್ದೆಗೆ ಉಪ್ಪೇ ಹಾಕುವುದಿಲ್ಲ, ಬಸ್ಸಾರಿನ ಉಪ್ಪು ಖಾರ ಎರಡಕ್ಕೂ ಸಾಕು. ಕೊಡಗಿನ ಹಂದಿಮಾಂಸದ ಪಂದಿ ಕರಿಯ ಜೋರನ್ನು ಸಪ್ಪೆ ಅಕ್ಕಿ ಉಂಡೆ ಕಡಂಬುಟ್ಟು ತಡೆಯುತ್ತದೆ. ಟೇಸ್ಟಿಂಗ್ ಮೆನು ಈ ಜೋಡಿಯನ್ನೇ ಒಡೆಯುತ್ತದೆ. ಬಸ್ಸಾರನ್ನು ಬರೀ ಬಟ್ಟಲಲ್ಲಿ ಕೊಟ್ಟರೆ ಎರಡನೇ ಚಮಚಕ್ಕೆ ನಾಲಿಗೆ ಕಟ್ಟುತ್ತದೆ. ಉಪ್ಪು ಹುಳಿ ತಗ್ಗಿಸಿದರೆ ಬಸ್ಸಾರು ಅನ್ನಿಸೋದೇ ಇಲ್ಲ. ಏನು ಮಾಡೋದು?

ಒಂದು ದಾರಿ, ಅದನ್ನು ಕುಡಿಯುವ ಪದಾರ್ಥವಾಗಿ ಮತ್ತೆ ಕಟ್ಟೋದು. ಐಟಿಸಿ ಹೋಟೆಲಿನವರು 2017ರಲ್ಲಿ ಚೆನ್ನೈನಲ್ಲಿ ಶುರು ಮಾಡಿದ ಆವರ್ತನ ಎಂಬ ರೆಸ್ಟೋರೆಂಟಿನ ತಿಳಿ ಟೊಮ್ಯಾಟೊ ಸಾರು ಹೆಸರುವಾಸಿ. ಗಸಿ ಇಲ್ಲ, ಬೇಳೆ ಇಲ್ಲ, ನೀರಿನ ಹಾಗೆ ಕಾಣುತ್ತದೆ, ಸೊಪ್ಪು ನೆನೆಹಾಕಿ ಎದುರಿಗೇ ಗ್ಲಾಸಿಗೆ ಬಗ್ಗಿಸುತ್ತಾರೆ. ಅನ್ನವಿಲ್ಲದೆ ಕುಡಿಯಲೆಂದೇ ಹದ ಮಾಡಿದ್ದು. ಇನ್ನೊಂದು ದಾರಿ, ಜೋಡಿಯನ್ನೇ ಚಿಕ್ಕದು ಮಾಡೋದು. ಗೋಲಿ ಗಾತ್ರದ ಮುದ್ದೆ, ಅದಕ್ಕೆ ತಕ್ಕ ಸಾರು. ಇದು ಸುಲಭ ಅಂತ ಅನ್ನಿಸುತ್ತದೆ, ಆದರೆ ಮುದ್ದೆ ಸಣ್ಣದಾದಷ್ಟೂ ಬೇಗ ಆರುತ್ತದೆ, ಮೇಲೆ ಹೊಪ್ಪಳೆ ಕಟ್ಟುತ್ತದೆ. 18 ತಟ್ಟೆ ಒಂದೇ ಸಲಕ್ಕೆ ಹೊರಡಬೇಕಾದರೆ ಮೊದಲ ಮುದ್ದೆ ಕಟ್ಟಿದವನು ಹದಿನೆಂಟನೆಯದು ಕಟ್ಟುವ ಹೊತ್ತಿಗೆ ಮೊದಲಿನದು ತಣ್ಣಗಾಗಿರುತ್ತದೆ. ಹಾಗಾಗಿ ನಾಲ್ಕು ಜನ ಒಟ್ಟಿಗೆ ನಿಲ್ಲಬೇಕು. ಅಡುಗೆಮನೆಯಲ್ಲಿ ಅಷ್ಟು ಜನ ಯಾಕೆ ಅನ್ನೋದಕ್ಕೆ ಉತ್ತರ ಇದೇ. ಅಂದಹಾಗೆ, ಕೈಯಲ್ಲಿ ತಿನ್ನಬಹುದಾ ಅಂತ ಸುಮ್ನೆ ಸಂಕೋಚ ಪಡಬೇಡಿ. ಮುದ್ದೆಗೆ ಫೋರ್ಕ್ ಹಾಕಲು ಯಾವ ಶೆಫ್ ಕೂಡ ಹೇಳುವುದಿಲ್ಲ.

ದುಡ್ಡಿನ ಲೆಕ್ಕ ನೋಡೋಣ. ಸಂಖ್ಯೆ ನಾನೇ ಹಾಕುತ್ತಿದ್ದೇನೆ, ಯಾವ ಹೋಟೆಲಿನದ್ದೂ ಅಲ್ಲ, ಅಂದಾಜು ಸಿಗಲಿ ಅಂತ ಅಷ್ಟೇ. 18 ಸೀಟು, ಒಬ್ಬರಿಗೆ 5,000 ರೂಪಾಯಿ. ತುಂಬಿದ ರಾತ್ರಿಗೆ 90,000. ಸಾಮಾನಿಗೆ ನೂರಕ್ಕೆ 30ರಷ್ಟು ಅಂತ ಈ ವ್ಯಾಪಾರದಲ್ಲಿ ಒಂದು ಬಾಯಿಲೆಕ್ಕ ಇದೆ, ಅದು 27,000. ಅಡುಗೆ, ಬಡಿಸುವುದು, ತೊಳೆಯುವುದು ಎಲ್ಲ ಸೇರಿ 20 ಜನ, ಸರಾಸರಿ ಸಂಬಳ 30,000 ಅಂದರೆ ತಿಂಗಳಿಗೆ 6 ಲಕ್ಷ, 25 ರಾತ್ರಿಗೆ ಹಂಚಿದರೆ ರಾತ್ರಿಗೆ 24,000. ಬಾಡಿಗೆ, ಕರೆಂಟು, ಸೌದೆ, ಒಡೆದ ಗ್ಲಾಸು, ಟೇಬಲ್ ಬಟ್ಟೆ ಒಗೆತ ಅಂತ ಒಂದು 22,000. ಉಳಿದದ್ದು 17,000. ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಈಗ ಐದು ಸೀಟು ಖಾಲಿ ಬಿದ್ದವು ಅಂದುಕೊಳ್ಳಿ. 25,000 ಕಡಿಮೆ. ಸಾಮಾನು ತಂದಾಗಿದೆ, ಕತ್ತರಿಸಿಯಾಗಿದೆ, ಸಂಬಳ ಕೊಡಲೇಬೇಕು. ಆ ರಾತ್ರಿ ಪೂರ್ತಿ ನಷ್ಟ. ಬುಕ್ ಮಾಡುವಾಗಲೇ ದುಡ್ಡು ಕೇಳುತ್ತಾರೆ, ಬಾರದಿದ್ದರೆ ವಾಪಸ್ ಕೊಡೋಲ್ಲ ಅಂತ ಸಿಟ್ಟಾಗುವವರು ಈ ಲೆಕ್ಕ ನೋಡಬೇಕು. ದರ್ಶಿನಿಯಲ್ಲಿ ಐದು ಜನ ಬಾರದಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ನೋಮಾದಂಥ ನೋಮಾಕ್ಕೂ ಈ ಲೆಕ್ಕ ಕೂಡಲಿಲ್ಲ. ವರ್ಷಗಟ್ಟಲೆ ಅಲ್ಲಿ ಟ್ರೇನಿಗಳು ಸಂಬಳವಿಲ್ಲದೆ ಎಲೆ ಬಿಡಿಸುತ್ತಿದ್ದರು. 2022ರ ಅಕ್ಟೋಬರಿನಿಂದ ಅವರಿಗೆ ಸಂಬಳ ಕೊಡಲು ಶುರು ಮಾಡಿದರು. 2023ರ ಜನವರಿಯಲ್ಲಿ, ಈ ರೀತಿ ದಿನನಿತ್ಯ ಹೋಟೆಲ್ ನಡೆಸೋದು ಇನ್ನು ಸಾಗದು ಅಂತ ರೆಡ್ಜೆಪಿ ಹೇಳಿಬಿಟ್ಟರು. ಸಂಬಳವೊಂದೇ ಕಾರಣ ಅಂತ ಅವರು ಹೇಳಲಿಲ್ಲ, ಆದರೆ ಎರಡೂ ಸುದ್ದಿ ಅಕ್ಕಪಕ್ಕ ಇಟ್ಟು ಓದದೆ ಇರೋದು ಕಷ್ಟ. ನಮ್ಮಲ್ಲಿ ಯಾರಾದರೂ ತುಂಬ ಕಡಿಮೆ ಬೆಲೆಗೆ ಇಂಥ ಊಟ ಕೊಡುತ್ತಿದ್ದರೆ, ಒಳಗೆ ಯಾರ ಸಂಬಳ ಕಡಿತ ಆಗುತ್ತಿದೆ ಅಂತ ನನಗೆ ಮೊದಲು ಅನುಮಾನ ಬರುತ್ತದೆ.

ಊರಿನವರಿಗೆ ಇದರಿಂದ ಲಾಭ ಇದೆಯಾ? ಸ್ವಲ್ಪ ಇದೆ. ಸಂಗ್ರಹ ಮಾಡುವ ಕೈಗೆ ಒಳ್ಳೆಯ ಬೆಲೆ ಸಿಗಬಹುದು. ಆದರೆ ಬೇಡಿಕೆ ದಿಢೀರ್ ಏರಿದರೆ ಏನಾಗುತ್ತದೆ ಅನ್ನೋದನ್ನು ಇದೇ ಉಪ್ಪಾಗೆ ಮರ ನೋಡಿಬಿಟ್ಟಿದೆ. 1990ರ ದಶಕದಲ್ಲಿ ಈ ಹಣ್ಣಿನ ಸಿಪ್ಪೆಯಿಂದ ತೂಕ ಇಳಿಸುವ ಮಾತ್ರೆ ಮಾಡಬಹುದು ಅಂತ ವಿದೇಶಿ ಬೇಡಿಕೆ ಬಂತು. ಬೆಲೆ ಏರಿತು. ಬೇರೆಯವರು ಕೊಯ್ಯುವ ಮೊದಲು ನಾವು ಕೊಯ್ಯೋಣ ಅಂತ ಕಾಯಿ ಬಲಿಯುವ ಮೊದಲೇ ಉದುರಿಸಿದರು, ಕೊಂಬೆ ಕಡಿದರು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಹೊಗೆ ಬೇಕು, ಅದಕ್ಕೂ ಕಾಡಿನ ಸೌದೆಯೇ ಸುಟ್ಟಿತು. ಹೋಟೆಲ್‌ಗಳ ಬೇಡಿಕೆ ಅಷ್ಟು ದೊಡ್ಡದಲ್ಲ ನಿಜ. ಆದರೂ ಕಾಡಿನದು ಬಡಿಸುತ್ತೇವೆ ಅನ್ನುವವರು ಯಾರು, ಎಲ್ಲಿ, ಹೇಗೆ ಹೆಕ್ಕಿದರು ಅಂತ ಹೇಳಬೇಕು. ಕಾಡಿನ ಕಿರು ಉತ್ಪನ್ನದ ಮೇಲೆ 2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯವಾಸಿಗಳಿಗೆ ಹಕ್ಕು ಕೊಟ್ಟಿದೆ. ಬೆಂಗಳೂರಿನ ಶೆಫ್ ಬುಟ್ಟಿ ಹಿಡಿದು ರಕ್ಷಿತಾರಣ್ಯಕ್ಕೆ ನುಗ್ಗುವಂತಿಲ್ಲ. ಪಂದಿ ಕರಿಗೆ ಕಾಡುಹಂದಿಯೂ ಸಿಗುವುದಿಲ್ಲ, 1972ರ ವನ್ಯಜೀವಿ ಕಾಯ್ದೆ ಬೇಟೆಗೆ ಬಿಡುವುದಿಲ್ಲ. ತಟ್ಟೆಗೆ ಬರೋದು ಸಾಕಿದ ಹಂದಿಯೇ. ಬೇರೆ ಕಥೆ ಹೇಳಿದರೆ ನಂಬಬೇಡಿ.

ಅಸಲಿಯೋ ಶೋಕಿಯೋ ತಿಳಿಯಲು ನಾನು ನೋಡುವುದು ಒಂದೇ. ಆ ಪದಾರ್ಥ ತೆಗೆದು ಬೇರೆಯದು ಹಾಕಿದರೆ ಗೊತ್ತಾಗುತ್ತದೆಯಾ? ಕಾಚಂಪುಳಿಯ ಬದಲು ಹುಣಸೆಹಣ್ಣು ಹಾಕಿದರೆ ಪಂದಿ ಕರಿಯ ಕಪ್ಪು ಬಣ್ಣವೂ ಹೋಗುತ್ತದೆ, ಮಾಂಸದ ಜಿಡ್ಡು ಕಡಿಯುವ ಆ ಹರಿತವೂ ಹೋಗುತ್ತದೆ. ಅಲ್ಲಿ ಅದಕ್ಕೆ ಕೆಲಸ ಇದೆ. ಅದೇ ಕಾಚಂಪುಳಿಯನ್ನು ಚಾಕೊಲೇಟ್ ಕೇಕಿನ ಪಕ್ಕ ನಾಲ್ಕು ಚುಕ್ಕೆ ಇಟ್ಟಿದ್ದರೆ, ನಿಂಬೆರಸ ಇಟ್ಟರೂ ನಡೆಯುತ್ತಿತ್ತು. ಅಲ್ಲಿ ನೀವು ದುಡ್ಡು ಕೊಡುತ್ತಿರೋದು ಹೆಸರಿಗೆ.

ಹೋಗಬೇಕು ಅಂತ ಮನಸ್ಸಾದರೆ ಕೆಲವು ಮಾತು. ಟೇಸ್ಟಿಂಗ್ ಮೆನು ಇರುವ ಕಡೆ ಸಸ್ಯಾಹಾರವೋ ಮಾಂಸಾಹಾರವೋ, ಈರುಳ್ಳಿ ಬೆಳ್ಳುಳ್ಳಿ ಆಗುತ್ತದೋ ಇಲ್ಲವೋ, ಯಾವುದಕ್ಕೆ ಅಲರ್ಜಿ, ಎಲ್ಲ ಬುಕ್ ಮಾಡುವಾಗಲೇ ಹೇಳಿ. ಅಲ್ಲಿ ಹೋಗಿ ಕೂತ ಮೇಲೆ ಹೇಳಿದರೆ ಅವರಿಗೂ ಕಷ್ಟ, ನಿಮಗೂ ಸಿಗೋದು ಆತುರದ ಅಡುಗೆ. ಮಳೆಗಾಲ ಒಳ್ಳೆಯ ಕಾಲ, ಮೀನು ಕಡಿಮೆ ಇದ್ದರೂ ಕಾಡಿನದ್ದು ಜಾಸ್ತಿ. ಬಿಲ್ಲಿನಲ್ಲಿ ಜಿಎಸ್‌ಟಿ ಸಾಮಾನ್ಯ ರೆಸ್ಟೋರೆಂಟಿಗೆ ನೂರಕ್ಕೆ 5. ರೂಮಿನ ದರ 7,500 ರೂಪಾಯಿ ದಾಟುವ ದೊಡ್ಡ ಹೋಟೆಲ್ ಒಳಗಿದ್ದರೆ 18. ಒಂದೇ ಬೆಲೆಯ ಊಟಕ್ಕೆ ಎರಡು ಕಡೆ ಎರಡು ಮೊತ್ತ ಬರೋದು ಇದಕ್ಕೇ. ಸರ್ವಿಸ್ ಚಾರ್ಜ್ ಮಾತ್ರ ತೆರಿಗೆ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಅಂತ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಸಾಲು ಕಂಡರೆ ತೆಗೆಯಿರಿ ಅಂತ ಹೇಳಬಹುದು. ಊಟ ಇಷ್ಟವಾಗಿದ್ದರೆ ಆ ದುಡ್ಡನ್ನು ಬಡಿಸಿದವರ ಕೈಗೇ ಕೊಟ್ಟು ಬನ್ನಿ.